ಮಾತು ಕೇಳುವ ಮೈ



1784ನೇ ಇಸವಿ. ಪ್ಯಾರಿಸ್ ಪಕ್ಕದ ಪಾಸಿ ಎಂಬ ಊರು. ಅಲ್ಲೊಂದು ತೋಟ. ತೋಟದಲ್ಲಿ 12 ವರ್ಷದ ಒಬ್ಬ ಹುಡುಗ. ಅವನ ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ. ಕೈಹಿಡಿದು ಒಂದು ಮರದ ಹತ್ತಿರ ಕರೆದೊಯ್ಯುತ್ತಾರೆ. ಅದನ್ನು ಅವನು ಎರಡು ನಿಮಿಷ ತಬ್ಬಿ ನಿಲ್ಲಬೇಕು. ಆಮೇಲೆ ಇನ್ನೊಂದು ಮರ. ಆಮೇಲೆ ಮತ್ತೊಂದು. ಈ ತೋಟದ ಒಂದು ಏಪ್ರಿಕಾಟ್ ಮರಕ್ಕೆ ವೈದ್ಯರೊಬ್ಬರು ಮೊದಲೇ ‘ಶಕ್ತಿ’ ತುಂಬಿಟ್ಟಿದ್ದಾರೆ. ಹುಡುಗನಿಗೆ ಅಷ್ಟು ಗೊತ್ತು. ಯಾವ ಮರ ಎಂಬುದು ಗೊತ್ತಿಲ್ಲ.

ಮೊದಲ ಮರದ ಹತ್ತಿರವೇ ಅವನಿಗೆ ಬೆವರು ಕಿತ್ತುಕೊಂಡಿತು, ಕೆಮ್ಮು ಬಂತು. ಎರಡನೆಯದರ ಹತ್ತಿರ ತಲೆನೋವು. ಮೂರನೆಯದರ ಹತ್ತಿರ ಅದು ಹೆಚ್ಚಾಯಿತು. ನಾಲ್ಕನೆಯ ಮರದ ಬುಡದಲ್ಲಿ ಜ್ಞಾನ ತಪ್ಪಿ ಬಿದ್ದ. ಶಕ್ತಿ ತುಂಬಿದ್ದ ಮರ ಅಲ್ಲಿಂದ 20 ಅಡಿಗೂ ಆಚೆ ಇತ್ತು. ಹುಡುಗ ಅದನ್ನು ಮುಟ್ಟಿಯೇ ಇರಲಿಲ್ಲ.

ಇದೇನು ಆಟ ಎನ್ನುತ್ತೀರಾ? ಆಟವಲ್ಲ, ರಾಜಾಜ್ಞೆಯ ಮೇಲೆ ನಡೆದ ಪರೀಕ್ಷೆ. ವಿಯೆನ್ನಾದಿಂದ ಬಂದ ಮೆಸ್ಮರ್ ಎಂಬ ವೈದ್ಯರು ಆಗ ಪ್ಯಾರಿಸ್ಸಿನಲ್ಲಿ ಬಹಳ ಹೆಸರು ಮಾಡಿದ್ದರು. ಕಣ್ಣಿಗೆ ಕಾಣದ ಒಂದು ದ್ರವ ಜಗತ್ತಿನ ತುಂಬ ಹರಿಯುತ್ತಿದೆ, ಅದು ಮೈಯೊಳಗೆ ಎಲ್ಲೋ ಕಟ್ಟಿಕೊಂಡರೆ ರೋಗ, ಸರಾಗವಾದರೆ ಗುಣ ಎಂಬುದು ಅವರ ವಾದ. ಅವರ ಚಿಕಿತ್ಸೆಯ ಕೋಣೆಯಲ್ಲಿ ಬೆಳಕು ಮಬ್ಬು. ನಡುವೆ ಮರದ ದೊಡ್ಡ ತೊಟ್ಟಿ, ಅದರಿಂದ ಹೊರಚಾಚಿದ ಕಬ್ಬಿಣದ ಸರಳುಗಳು, ಸುತ್ತಲೂ ಕೂತ ರೋಗಿಗಳು, ಎಲ್ಲಿಂದಲೋ ತೇಲಿಬರುವ ಸಂಗೀತ. ಕೆಲವರಿಗೆ ಮೈ ನಡುಗುತ್ತಿತ್ತು, ಕೆಲವರು ನೆಲಕ್ಕೆ ಬೀಳುತ್ತಿದ್ದರು. ಎದ್ದಮೇಲೆ ನೋವು ಇಳಿಯಿತು ಎನ್ನುತ್ತಿದ್ದರು.

ದೊರೆ 16ನೇ ಲೂಯಿ ಇದರ ನಿಜ ತಿಳಿಯಲು ಸಮಿತಿ ನೇಮಿಸಿದ. ಅದರಲ್ಲಿ ರಸಾಯನಶಾಸ್ತ್ರದ ಲಾವೋಸಿಯೆ ಇದ್ದರು. ಡಾಕ್ಟರ್ ಗಿಯೊಟಿನ್ ಇದ್ದರು. ತಲೆ ಕಡಿಯುವ ಯಂತ್ರಕ್ಕೆ ಆಮೇಲೆ ಹೆಸರು ಬಂದದ್ದು ಇವರಿಂದಲೇ; ಹತ್ತು ವರ್ಷ ಕಳೆದು ಲಾವೋಸಿಯೆಯ ತಲೆ ಹೋದದ್ದೂ ಅದೇ ಯಂತ್ರದಲ್ಲಿ. ಅದಿರಲಿ. ಸಮಿತಿಯ ಹಿರಿಯರು ಅಮೆರಿಕದ ರಾಯಭಾರಿ ಬೆಂಜಮಿನ್ ಫ್ರಾಂಕ್ಲಿನ್. ವಯಸ್ಸು 78. ಮೂತ್ರಕೋಶದಲ್ಲಿ ಕಲ್ಲು, ಕುದುರೆಗಾಡಿಯ ಕುಲುಕಾಟ ತಡೆಯಲಾಗದು. ಹಾಗಾಗಿ ಪರೀಕ್ಷೆಯೇ ಅವರ ಮನೆಗೆ ಬಂತು. ಆ ತೋಟ ಅವರದು. ಮರಕ್ಕೆ ಶಕ್ತಿ ತುಂಬಿದವರು ಮೆಸ್ಮರ್ ಅವರ ಶಿಷ್ಯ ಡೆಸ್ಲೋನ್.

ಸಮಿತಿಯ ತೀರ್ಪು ಖಚಿತವಾಗಿತ್ತು. ಶಕ್ತಿ ಹಾಯಿಸುತ್ತಿದ್ದಾರೆ ಎಂದು ರೋಗಿ ನಂಬಿದರೆ, ಹಾಯಿಸದಿದ್ದರೂ ಮೈ ನಡುಗುತ್ತದೆ. ರೋಗಿಗೆ ತಿಳಿಯದಂತೆ ಹಾಯಿಸಿದರೆ ಏನೂ ಆಗುವುದಿಲ್ಲ. ಅಂದಮೇಲೆ ಆ ದ್ರವ ಇಲ್ಲ. ಇರುವುದು ಕಲ್ಪನೆ.

ದ್ರವ ಸುಳ್ಳಾಯಿತು, ಸರಿ. ಹುಡುಗನ ಬೆವರು? ಅದು ನಿಜದ ಬೆವರು. ಡೆಸ್ಲೋನ್ ಅವರಂತೂ ಮೊದಲೇ ಒಂದು ಪ್ರಶ್ನೆ ಎತ್ತಿದ್ದರು. ಕಲ್ಪನೆಯ ಮದ್ದೇ ಎಲ್ಲಕ್ಕಿಂತ ಒಳ್ಳೆಯದು ಅಂತಾದರೆ, ಅದನ್ನೇ ಕೊಡಬಾರದೇಕೆ ಎಂಬರ್ಥದ ಪ್ರಶ್ನೆ. ಜಾಣ ಪ್ರಶ್ನೆ ಅದು. ಅದಕ್ಕೆ ಉತ್ತರ ಹೇಳಲು ವೈದ್ಯಶಾಸ್ತ್ರಕ್ಕೆ 200 ವರ್ಷ ಹಿಡಿಯಿತು. ಈ ಹೊತ್ತು ನಾನು ಹೇಳಹೊರಟಿರುವುದು ಆ ಉತ್ತರವನ್ನೇ.

ಫ್ರಾನ್ಸಿನಿಂದ ಇಂಗ್ಲೆಂಡಿಗೆ ಬನ್ನಿ. ಬಾತ್ ಎಂಬ ಊರು, ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದದ್ದು. ಕೀಲುನೋವಿನ ಸಿರಿವಂತರೆಲ್ಲ ಅಲ್ಲಿಗೆ ಬಂದು ಕೂರುತ್ತಿದ್ದರು. 1799ರ ಹೊತ್ತಿಗೆ ಅಲ್ಲಿ ಹೊಸದೊಂದು ಚಿಕಿತ್ಸೆ ಓಡಾಡುತ್ತಿತ್ತು. ಬೆರಳುದ್ದದ ಎರಡು ಲೋಹದ ಕಡ್ಡಿಗಳು, ಒಂದು ತುದಿ ಚೂಪು. ನೋವಿದ್ದ ಕಡೆ ಅವನ್ನು ಚರ್ಮದ ಮೇಲೆ ಎಳೆಯಬೇಕು, ಅಷ್ಟೇ. ಕಂಡುಹಿಡಿದವರು ಅಮೆರಿಕದ ಎಲಿಷಾ ಪರ್ಕಿನ್ಸ್. ಬೆಲೆ ಒಂದು ಜೊತೆಗೆ ಐದು ಗಿನಿ. ಬಡವರ ಕೈಗೆ ಎಟುಕುವ ಹಣವಲ್ಲ.

ಬಾತ್ ಊರಿನ ವೈದ್ಯ ಜಾನ್ ಹೇಗಾರ್ತ್ ಒಂದು ಉಪಾಯ ಮಾಡಿದರು. ಮರದಲ್ಲಿ ಅದೇ ಆಕಾರದ ಕಡ್ಡಿ ಮಾಡಿಸಿ, ಲೋಹದಂತೆ ಕಾಣಲು ಬಣ್ಣ ಬಳಿಸಿದರು. ಐವರು ರೋಗಿಗಳ ಮೇಲೆ ಅದನ್ನು ಎಳೆದರು. ನಾಲ್ವರು ನೋವು ಕಡಿಮೆಯಾಯಿತು ಎಂದರು. ಮರುದಿನ ಅಸಲಿ ಲೋಹದ ಕಡ್ಡಿ ಎಳೆದರು. ಫಲ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹೇಗಾರ್ತ್ ಇನ್ನೊಂದು ಮಾತನ್ನೂ ಗಮನಿಸಿದ್ದರು. ಔಷಧ ಅದೇ ಆದರೂ ಹೆಸರುವಾಸಿ ವೈದ್ಯರು ಕೊಟ್ಟಾಗ ಹೆಚ್ಚು ನಾಟುತ್ತದೆ. ನಮ್ಮಲ್ಲಿ ‘ಅವರ ಕೈಗುಣ ಚೆನ್ನಾಗಿದೆ’ ಎಂದು ಮೂರು ಹಳ್ಳಿ ದಾಟಿ ಒಬ್ಬರೇ ಡಾಕ್ಟರ ಹತ್ತಿರ ಹೋಗುತ್ತೇವಲ್ಲ, ಅದೇ.

ಮತ್ತೆ ಪರ್ಕಿನ್ಸ್? ಅದೇ 1799ರಲ್ಲಿ ನ್ಯೂಯಾರ್ಕಿನಲ್ಲಿ ಹಳದಿ ಜ್ವರ ಹಬ್ಬಿತ್ತು. ತಾವೇ ತಯಾರಿಸಿದ ಇನ್ನೊಂದು ಔಷಧ ಹಿಡಿದು ಅಲ್ಲಿಗೆ ಹೋದರು. ಅದೇ ಜ್ವರ ಅವರನ್ನೇ ತೆಗೆದುಕೊಂಡು ಹೋಯಿತು. ಕೀಲುನೋವು ಅವರ ಮಾತು ಕೇಳಿತ್ತು. ಹಳದಿ ಜ್ವರ ಕೇಳಲಿಲ್ಲ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮರದ ಕಡ್ಡಿಯ ಜನರನ್ನು ಕಂಡು ನಗಬೇಡಿ. ನಮ್ಮ ಊರುಗಳ ಕ್ಲಿನಿಕ್ಕಿಗೆ ಹೋಗಿ ಕೂತು ಕೇಳಿ. ‘ಮಾತ್ರೆ ಬೇಡ ಡಾಕ್ಟ್ರೇ, ಒಂದು ಸೂಜಿ ಹಾಕಿಬಿಡಿ.’ ‘ತುಂಬಾ ಸುಸ್ತು, ಒಂದು ಗ್ಲೂಕೋಸ್ ಏರಿಸಿ.’ ಆ ಬಾಟಲಿಯ ಲೆಕ್ಕ ಹೇಳುತ್ತೇನೆ. ನೂರಕ್ಕೆ ಐದರ ಪ್ರಮಾಣದ ಗ್ಲೂಕೋಸ್, ಅರ್ಧ ಲೀಟರ್. ಅದರಲ್ಲಿರುವ ಸಕ್ಕರೆ 25 ಗ್ರಾಂ. ರಾಮನವಮಿಯ ಒಂದು ದೊಡ್ಡ ಲೋಟ ಪಾನಕದಲ್ಲೂ ಹೆಚ್ಚುಕಡಿಮೆ ಅಷ್ಟು ಸಿಹಿ ಇರುತ್ತದೆ. ವಾಂತಿ ಭೇದಿಯಿಂದ ಮೈಯ ನೀರು ಬತ್ತಿದವರಿಗೆ ಡ್ರಿಪ್ ಜೀವ ಉಳಿಸುತ್ತದೆ, ಆ ಮಾತು ಬೇರೆ. ಬರೀ ಸುಸ್ತಿಗೆ ಹಾಕಿಸಿಕೊಂಡು ಎದ್ದವರ ಮುಖಕ್ಕೆ ಕಳೆ ಬರುವುದು ಬರೀ ಸಕ್ಕರೆಯಿಂದಲ್ಲ. ಒಂದು ಗಂಟೆ ಮಲಗಿದ್ದು, ಪಕ್ಕದಲ್ಲಿ ಮನೆಯವರು ಕೂತದ್ದು, ನರ್ಸಮ್ಮ ಬಂದು ಮಾತಾಡಿಸಿದ್ದು, ತೊಟ್ಟು ತೊಟ್ಟಾಗಿ ಏನೋ ಒಳಗೆ ಇಳಿಯುತ್ತಿರುವುದನ್ನು ಕಣ್ಣಾರೆ ಕಂಡದ್ದು, ಎಲ್ಲ ಸೇರಿದೆ ಅದರಲ್ಲಿ.

ಕೇಳುಗರೇ, ಇಲ್ಲಿಯವರೆಗೆ ಹೇಳಿದ್ದಿಷ್ಟು. ಇಲ್ಲದ ಶಕ್ತಿಗೆ ಹುಡುಗ ಬಿದ್ದ. ಬಣ್ಣದ ಕಡ್ಡಿಗೆ ನೋವು ಇಳಿಯಿತು. ಈಗ ಮುಂದಿನ ಪ್ರಶ್ನೆ. ನೋವು ನಿಜವಾಗಿ ಇಳಿಯುತ್ತದೆಯೇ, ಅಥವಾ ಡಾಕ್ಟರಿಗೆ ಬೇಸರವಾಗದಿರಲಿ ಎಂದು ನಾವು ಹಾಗೆ ಹೇಳುತ್ತೇವೆಯೇ?

ಅದಕ್ಕೊಂದು ಸುಳಿವು 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಿಕ್ಕಿತು. ಬುದ್ಧಿಹಲ್ಲು ಕೀಳಿಸಿಕೊಂಡವರ ನೋವು ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು. ಅಂಥವರಿಗೆ ನೋವಿನ ಮದ್ದು ಇರಬಹುದು ಎಂದು ಹೇಳಿ, ಮದ್ದೇ ಇಲ್ಲದ ಚುಚ್ಚುಮದ್ದು ಕೊಟ್ಟರು. ಇದಕ್ಕೆ ವೈದ್ಯರು ಪ್ಲಸೀಬೊ ಎನ್ನುತ್ತಾರೆ. ನಾನು ಹುಸಿಮದ್ದು ಎನ್ನುತ್ತೇನೆ. ಕೆಲವರಿಗೆ ನೋವು ಇಳಿಯಿತು. ಬಳಿಕ ನಲೋಕ್ಸೋನ್ ಎಂಬ ಇನ್ನೊಂದು ಔಷಧ ಕೊಟ್ಟರು. ಅದರ ಕೆಲಸ ಅಫೀಮು, ಮಾರ್ಫಿನ್ ಜಾತಿಯ ವಸ್ತುಗಳ ದಾರಿಗೆ ಅಡ್ಡ ನಿಲ್ಲುವುದು. ಇಳಿದಿದ್ದ ನೋವು ಅವರಿಗೆ ಮತ್ತೆ ಏರಿತು.

ಇದರ ಅರ್ಥ ನೋಡಿ. ಅವರಿಗೆ ಯಾರೂ ಮಾರ್ಫಿನ್ ಕೊಟ್ಟಿರಲಿಲ್ಲ. ಆದರೂ ಮಾರ್ಫಿನ್ನಿನ ದಾರಿಗೆ ಅಡ್ಡ ನಿಂತಾಗ ನೋವು ಮರಳಿತು. ಅಂದರೆ ಆ ದಾರಿಯಲ್ಲಿ ಏನೋ ಓಡಾಡುತ್ತಿತ್ತು. ನಮ್ಮ ಮಿದುಳು ತಾನೇ ಅಂಥ ನೋವುಶಾಮಕಗಳನ್ನು ತಯಾರಿಸುತ್ತದೆ. ಮದ್ದು ಬಂತು ಎಂಬ ನಂಬಿಕೆಯೊಂದೇ ಅದನ್ನು ಹರಿಯಬಿಡಲು ಸಾಕಾಗುತ್ತದೆ. ಇದು ನಟನೆಯಲ್ಲ.

ಇಟಲಿಯ ಟ್ಯೂರಿನ್ನಿನಲ್ಲಿ ಬೆನೆಡೆಟ್ಟಿ ಮತ್ತು ಅವರ ಸಂಗಡಿಗರು ಇದನ್ನೇ ತಿರುಗಿಸಿ ಪರೀಕ್ಷಿಸಿದರು. ಇವರು ಕೊಟ್ಟದ್ದು ಅಸಲಿ ಮದ್ದನ್ನೇ. ಶಸ್ತ್ರಚಿಕಿತ್ಸೆಯಾದ ಕೆಲವರಿಗೆ ಡಾಕ್ಟರು ಹಾಸಿಗೆಯ ಪಕ್ಕ ನಿಂತು, ‘ಈಗ ನೋವಿಗೆ ಮದ್ದು ಕೊಡುತ್ತಿದ್ದೇನೆ’ ಎಂದು ಹೇಳಿ ಕೊಟ್ಟರು. ಇನ್ನು ಕೆಲವರಿಗೆ ಅದೇ ಮದ್ದನ್ನು ಅವರಿಗೆ ಗೊತ್ತಾಗದಂತೆ ಯಂತ್ರ ರಕ್ತಕ್ಕೆ ಬಿಟ್ಟಿತು. ಗೊತ್ತಿಲ್ಲದೆ ಒಳಹೋದ ಮದ್ದು ಅಷ್ಟಾಗಿ ಕೆಲಸ ಮಾಡಲಿಲ್ಲ. ಮುಖ ನೋಡದೆ ಚೀಟಿ ಗೀಚಿ, ‘ನೆಕ್ಸ್ಟ್’ ಎಂದು ಕೂಗುವ ವೈದ್ಯರಿಗೆ ಈ ಪರೀಕ್ಷೆಯ ಸುದ್ದಿ ತಲುಪಬೇಕು. ಅವರು ತಾವೇ ಬರೆದ ಔಷಧದ ಬಲವನ್ನು ತಾವೇ ಕಡಿಮೆ ಮಾಡುತ್ತಿದ್ದಾರೆ.

ಹಾಗಾದರೆ ಡೆಸ್ಲೋನ್ ಹೇಳಿದ್ದೇ ಸರಿ, ಕಲ್ಪನೆಯ ಮದ್ದನ್ನೇ ಕೊಟ್ಟುಬಿಡೋಣ ಎನಿಸುತ್ತದೆ ಅಲ್ಲವೇ? ಸ್ವಲ್ಪ ತಾಳಿ. ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ನನ್ನ ಮಟ್ಟಿಗೆ ಈ ವಿಷಯದ ಜೀವಾಳವೇ ಅದು. ನಿಧಾನವಾಗಿ ಹೇಳುತ್ತೇನೆ.

ಸುಮಾರು 40 ಮಂದಿ ಉಬ್ಬಸದ ರೋಗಿಗಳು. ಪ್ರತಿಯೊಬ್ಬರಿಗೂ ಬೇರೆ ಬೇರೆ ದಿನ ನಾಲ್ಕು ಬಗೆಯ ಉಪಚಾರ. ಒಂದು ದಿನ ನಿಜವಾದ ಇನ್‌ಹೇಲರ್, ನಮ್ಮ ಔಷಧದ ಅಂಗಡಿಗಳಲ್ಲೂ ಸಿಗುವ ಸಾಲ್ಬ್ಯುಟಮಾಲ್. ಇನ್ನೊಂದು ದಿನ ಮದ್ದೇ ಇಲ್ಲದ ಇನ್‌ಹೇಲರ್. ಮತ್ತೊಂದು ದಿನ ಸೂಜಿ ಒಳಗೇ ಹೋಗದ ಹುಸಿ ಅಕ್ಯುಪಂಕ್ಚರ್ ಸೂಜಿಚಿಕಿತ್ಸೆ. ನಾಲ್ಕನೆಯದು ಏನೂ ಇಲ್ಲ, ಸುಮ್ಮನೆ ಕೂತು ಕಾಯುವುದು.

ಪ್ರತಿಸಲವೂ ಎರಡು ಸಂಗತಿ ಕೇಳಿಕೊಂಡರು. ಒಂದು, ನಿಮಗೆ ಎಷ್ಟು ವಾಸಿ ಎನಿಸುತ್ತದೆ? ನಿಜದ ಮದ್ದಿನ ದಿನ ನೂರಕ್ಕೆ 50ರಷ್ಟು ವಾಸಿ ಎಂದರು. ಖಾಲಿ ಇನ್‌ಹೇಲರಿಗೂ 45ರಷ್ಟು. ಹುಸಿ ಸೂಜಿಗೂ ಹೆಚ್ಚುಕಡಿಮೆ ಅಷ್ಟೇ. ಸುಮ್ಮನೆ ಕೂತಾಗ 20ರ ಸುತ್ತಮುತ್ತ. ನೋಡಿದಿರಾ, ಹುಸಿಯೂ ನಿಜವೂ ಹೆಗಲೆಣೆಯಾಗಿ ನಿಂತವು.

ಎರಡನೆಯ ಪ್ರಶ್ನೆ ರೋಗಿಗಲ್ಲ, ಯಂತ್ರಕ್ಕೆ. ಒಂದು ಕೊಳವೆಗೆ ಜೋರಾಗಿ ಊದಿಸಿ, ಶ್ವಾಸನಾಳ ಎಷ್ಟು ತೆರೆದಿದೆ ಎಂದು ಅಳೆದರು. ನಿಜದ ಮದ್ದಿಗೆ ನೂರಕ್ಕೆ 20ರಷ್ಟು ಸುಧಾರಣೆ. ಖಾಲಿ ಇನ್‌ಹೇಲರಿಗೆ ಏಳು. ಹುಸಿ ಸೂಜಿಗೆ ಏಳು. ಸುಮ್ಮನೆ ಕೂತವರಿಗೂ ಏಳೇ.

ಇದನ್ನು ಎರಡು ಸಲ ಕೇಳಿಸಿಕೊಳ್ಳಬೇಕು. ಹುಸಿಮದ್ದು ಉಸಿರು ಹಗುರಾಯಿತೆಂಬ ಅನುಭವ ಕೊಟ್ಟಿತು. ಶ್ವಾಸನಾಳವನ್ನು ಕೂದಲೆಳೆಯಷ್ಟೂ ಹೆಚ್ಚಿಗೆ ತೆರೆಯಲಿಲ್ಲ. ಡೆಸ್ಲೋನ್ ಅವರ ಪ್ರಶ್ನೆಗೆ ಉತ್ತರ ಇದೇ. ಮಾತಿನ ಬಲ ನಡೆಯುವುದು ನೋವು, ವಾಕರಿಕೆ, ಸುಸ್ತು, ಆತಂಕ ಇಂಥವುಗಳ ಮೇಲೆ. ರೋಗಾಣು, ಗಡ್ಡೆ, ಮುಚ್ಚಿದ ರಕ್ತನಾಳ, ಇವು ಯಾರ ಮಾತನ್ನೂ ಕೇಳುವುದಿಲ್ಲ. ಉಬ್ಬಸ ಎರಡರ ನಡುವೆ ನಿಂತಿದೆ. ಅದಕ್ಕೇ ಅದು ಹೆಚ್ಚು ಮೋಸ ಮಾಡುತ್ತದೆ. ಹಾಯಾಗಿದ್ದೇನೆ ಎಂದುಕೊಂಡವರ ಎದೆ ಒಳಗೆ ಮುಚ್ಚಿಕೊಂಡೇ ಇರಬಹುದು.

ಪ್ರತಿವರ್ಷ ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿನಲ್ಲಿ ಉಬ್ಬಸಕ್ಕೆ ಮೀನಿನ ಪ್ರಸಾದ ಕೊಡುತ್ತಾರೆ. ಜೀವಂತ ಪುಟ್ಟ ಮೀನಿನ ಬಾಯಲ್ಲಿ ಮದ್ದಿಟ್ಟು ಹಾಗೇ ನುಂಗಿಸುವುದು. ಸಸ್ಯಾಹಾರಿಗಳಿಗೆ ಬೆಲ್ಲದ ಜೊತೆ. ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ಹೋಗಿಬಂದವರು ‘ಹಗುರಾಯ್ತು’ ಎಂದರೆ ನಾನು ಸುಳ್ಳು ಎನ್ನುವುದಿಲ್ಲ. ಊದಿ ಅಳೆಸಿಕೊಂಡಿರಾ ಎಂದು ಕೇಳುತ್ತೇನೆ. ದಿನಾ ಎಳೆಯುವ ಇನ್‌ಹೇಲರನ್ನು ಬಿಟ್ಟಿಲ್ಲ ತಾನೇ ಎಂದೂ ಕೇಳುತ್ತೇನೆ.

ಹೀಗೆ, ಅನುಭವ ಒಂದು ಹೇಳುತ್ತದೆ, ಮೈಯೊಳಗಿನ ಸಂಗತಿ ಇನ್ನೊಂದಿರುತ್ತದೆ. ಉಬ್ಬಸದಲ್ಲಿ ಕಂಡ ಈ ಬಿರುಕು ಹಾವಿನ ಕಡಿತದಲ್ಲಿ ಬಾಯ್ತೆರೆಯುತ್ತದೆ. ಅದನ್ನು ಈಗ ನೋಡೋಣ.

ನಮ್ಮ ದೇಶದಲ್ಲಿ ಸುಮಾರು 300 ಬಗೆಯ ಹಾವುಗಳಿವೆ. ವಿಷದವು 60ರ ಆಸುಪಾಸು. ಜನರನ್ನು ಹೆಚ್ಚಾಗಿ ಕೊಲ್ಲುವವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಗದ್ದೆಯ ಬದುವಿನಲ್ಲಿ ಕೇರೆಹಾವು ಕಡಿಯಿತು ಎನ್ನಿ. ಅದರಲ್ಲಿ ವಿಷವಿಲ್ಲ. ಆದರೆ ಕಡಿಸಿಕೊಂಡವರಿಗೆ ಅದು ಕೇರೆ ಎಂದು ಗೊತ್ತಿಲ್ಲ. ‘ಹಾವು, ಹಾವು’ ಎಂದು ಸುತ್ತ ಜನ ಕೂಗುತ್ತಿದ್ದಾರೆ. ಎದೆ ಹೊಡೆದುಕೊಳ್ಳುತ್ತದೆ. ಕೈಕಾಲು ತಣ್ಣಗಾಗುತ್ತವೆ. ಕಣ್ಣು ಕತ್ತಲಿಡುತ್ತದೆ. ಸಾಯುತ್ತೇನೆ ಎನಿಸುತ್ತದೆ. ಎತ್ತಿಕೊಂಡು ಮಂತ್ರ ಹಾಕುವವರ ಹತ್ತಿರ ಒಯ್ಯುತ್ತಾರೆ. ಅವರು ಬೇವಿನ ಸೊಪ್ಪು ಆಡಿಸಿ, ನೀರು ಚಿಮುಕಿಸಿ, ‘ವಿಷ ಇಳೀತು, ಏಳಪ್ಪ’ ಎನ್ನುತ್ತಾರೆ. ಎದ್ದು ಕೂರುತ್ತಾನೆ. ಊರಿನ ಕಣ್ಣೆದುರೇ ನಡೆದ ಪವಾಡ. ಇನ್ನೊಂದಿದೆ. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಡಿಯುತ್ತದೆ. ಆಗಲೂ ಕೀರ್ತಿ ಮಂತ್ರಕ್ಕೇ.

ಈಗ ಕಟ್ಟುಹಾವನ್ನು ನೆನೆಯಿರಿ. ಹೊಳೆಯುವ ಕಪ್ಪು ಮೈ, ಅದರ ಮೇಲೆ ತೆಳ್ಳನೆಯ ಬಿಳಿ ಪಟ್ಟೆಗಳು. ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರುತ್ತದೆ. ಅದು ಕಡಿದರೆ ನೋವು ಇಲ್ಲವೆನ್ನುವಷ್ಟು ಕಡಿಮೆ. ಊತ ಇಲ್ಲ. ಹಲ್ಲಿನ ಗುರುತು ಹುಡುಕಿದರೂ ಸಿಗದಷ್ಟು ಸಣ್ಣದು. ಎಷ್ಟೋ ಜನ ಸೊಳ್ಳೆಯೋ ಇರುವೆಯೋ ಎಂದು ಮಗ್ಗುಲು ಬದಲಿಸುತ್ತಾರೆ. ಬೆಳಗಿನ ಜಾವ ಹೊಟ್ಟೆನೋವು. ಆಮೇಲೆ ರೆಪ್ಪೆ ಎತ್ತಲಾಗುವುದಿಲ್ಲ. ಆಮೇಲೆ ಉಸಿರಾಟದ ಸ್ನಾಯುಗಳು ಸೋಲುತ್ತವೆ.

ಹೋಲಿಸಿ ನೋಡಿ. ವಿಷವಿಲ್ಲದ ಹಾವು ಕಡಿದವನಿಗೆ ಸಾಯುತ್ತೇನೆ ಎನಿಸುತ್ತದೆ. ಎಲ್ಲಕ್ಕಿಂತ ಕ್ರೂರವಾದದ್ದು ಕಡಿದವನಿಗೆ ಏನೂ ಆಗಿಲ್ಲ ಎನಿಸುತ್ತದೆ. ‘ಹೇಗನ್ನಿಸ್ತಿದೆ?’ ಎಂಬ ಪ್ರಶ್ನೆಗೆ ಇಬ್ಬರೂ ಪ್ರಾಮಾಣಿಕವಾಗಿಯೇ ಉತ್ತರಿಸುತ್ತಾರೆ, ಇಬ್ಬರ ಉತ್ತರವೂ ತಪ್ಪು. ಮಂತ್ರ ಗೆಲ್ಲುವುದು ಮೊದಲನೆಯವನ ಹತ್ತಿರ. ಎರಡನೆಯವನಿಗೆ ಬೇಕಾದದ್ದು ಆಸ್ಪತ್ರೆಯ ವಿಷನಿರೋಧಕ ಚುಚ್ಚುಮದ್ದು ಮತ್ತು ಉಸಿರಾಟದ ಯಂತ್ರ. ನಮ್ಮ ದೇಶದಲ್ಲಿ ಹಾವು ಕಡಿದು ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆಂಬುದು ಅಂದಾಜು. ಆಸ್ಪತ್ರೆಯ ದಾರಿ ಬಿಟ್ಟು ಬೇರೆಡೆ ಕಳೆದ ಗಂಟೆಗಳಿಗೂ ಅದರಲ್ಲಿ ಪಾಲಿದೆ. ಧೈರ್ಯದ ಮಾತು ಬೇಡ ಎನ್ನುತ್ತಿಲ್ಲ, ಬೇಕೇಬೇಕು. ಅದನ್ನು ಆಂಬುಲೆನ್ಸಿನಲ್ಲಿ ಹೇಳಬಹುದು.

ಇಲ್ಲಿಯವರೆಗೆ ಒಳ್ಳೆಯ ಮಾತಿನ ಬಲ ನೋಡಿದೆವು, ಅದರ ಗಡಿಯನ್ನೂ ನೋಡಿದೆವು. ಇನ್ನು ಉಳಿದದ್ದು ಕೆಟ್ಟ ಮಾತು. ಇದರ ಬಗ್ಗೆ ನಾವು ಸಾಕಷ್ಟು ಯೋಚಿಸುವುದಿಲ್ಲ ಎಂಬುದು ನನ್ನ ದೂರು.

ಪಂಚತಂತ್ರದ ಬ್ರಾಹ್ಮಣನ ಕಥೆ ನಿಮಗೆ ಗೊತ್ತು. ಹೆಗಲ ಮೇಲೆ ಮೇಕೆ ಹೊತ್ತು ನಡೆದಿದ್ದ. ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಮೂವರು ಕಳ್ಳರು ‘ನಾಯಿಯನ್ನೇಕೆ ಹೊತ್ತಿರಿ?’ ಎಂದರು. ಮೂರನೆಯವನ ಮಾತಿಗೆ ಮೇಕೆಯನ್ನು ಇಳಿಸಿ ಓಡಿದ. ನಮ್ಮ ಆರೋಗ್ಯವನ್ನೂ ಹೀಗೆ ಹೆಗಲಿನಿಂದ ಇಳಿಸುವವರು ಬಹಳ ಮಂದಿ, ಅದೂ ಕಳ್ಳರಲ್ಲ, ಒಳ್ಳೆಯವರೇ. ‘ಯಾಕ್ರೀ, ತುಂಬ ಇಳಿದುಹೋಗಿದ್ದೀರಿ?’ ‘ಶುಗರ್ ಚೆಕ್ ಮಾಡಿಸಿದ್ರಾ?’ ‘ನಮ್ಮ ಷಡ್ಡಕನಿಗೂ ಹೀಗೇ ಶುರುವಾಗಿದ್ದು.’ ಬೆಳಿಗ್ಗೆ ಹುಷಾರಾಗಿ ಮನೆ ಬಿಟ್ಟವರು ಮಧ್ಯಾಹ್ನಕ್ಕೆ ಹಣೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಇದು ಬರೀ ತಮಾಷೆಯಲ್ಲ. ಕೋವಿಡ್ ಲಸಿಕೆಗಳ ಪರೀಕ್ಷೆ ನಡೆದಾಗ ಅರ್ಧದಷ್ಟು ಜನರಿಗೆ ಹುಸಿಮದ್ದು, ಎಷ್ಟೋ ಕಡೆ ಬರೀ ಉಪ್ಪುನೀರು ಚುಚ್ಚಿದ್ದರು. ಹಾಗೆ ಚುಚ್ಚಿಸಿಕೊಂಡವರಲ್ಲಿ ಮೊದಲ ಸಲಕ್ಕೇ ಮೂರರಲ್ಲಿ ಒಬ್ಬರು ತಲೆನೋವು, ಸುಸ್ತು ಇಂಥದ್ದೇನಾದರೂ ಆಯಿತು ಎಂದಿದ್ದರು. ಕೆಲವು ತಲೆನೋವು ಹೇಗೂ ಬರಬೇಕಾದವೇ. ಮಾಮೂಲಿ ದಿನವಾದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಕಾದು ಕೂತವರಿಗೆ ಅವು ಕಂಡವು.

ಕೊನೆಯದಾಗಿ ಲಂಡನ್ನಿನ ಒಂದು ಅಧ್ಯಯನ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತು. ಹೃದಯಾಘಾತದ ಅಪಾಯ ತಗ್ಗಿಸುವ ಮಾತ್ರೆ. ಮೈಕೈ ನೋವು ಬರುತ್ತದೆಂದು ಅದನ್ನು ಬಿಟ್ಟವರೂ ನಿಮ್ಮಲ್ಲಿ ಇರಬಹುದು. ಹಾಗೆ ಬಿಟ್ಟಿದ್ದ 60 ಮಂದಿಯನ್ನು ಸೇರಿಸಿದರು. ಒಬ್ಬೊಬ್ಬರಿಗೂ ಹನ್ನೆರಡು ತಿಂಗಳಿಗೆ ಹನ್ನೆರಡು ಡಬ್ಬಿ. ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ನೋಡಲು ಅದರಂತೆಯೇ ಇರುವ ಹುಸಿಮಾತ್ರೆ, ನಾಲ್ಕು ಖಾಲಿ. ಯಾವ ತಿಂಗಳು ಯಾವುದು ಎಂಬುದು ಹಿಂದೆಮುಂದೆ. ಮಾತ್ರೆ ನುಂಗುವ ತಿಂಗಳು ಅದು ಅಸಲಿಯೋ ಹುಸಿಯೋ ನುಂಗುವವರಿಗೆ ತಿಳಿಯದು. ಪ್ರತಿದಿನ ತಮ್ಮ ತೊಂದರೆಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು.

ಖಾಲಿ ಡಬ್ಬಿಯ ತಿಂಗಳುಗಳಲ್ಲಿ ಸರಾಸರಿ ಅಂಕ 8. ಸ್ಟ್ಯಾಟಿನ್ ತಿಂಗಳುಗಳಲ್ಲಿ 16. ಅಂದರೆ ಅವರ ದೂರು ನಿಜ, ಮಾತ್ರೆ ನುಂಗಿದಾಗ ತೊಂದರೆ ಇಮ್ಮಡಿಯಾಗುತ್ತಿತ್ತು. ಹುಸಿಮಾತ್ರೆಯ ತಿಂಗಳುಗಳಲ್ಲಿ? 15. ಹೆಚ್ಚಿದ ಕಾಟದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಮಾತ್ರೆಯೊಳಗಿನ ಔಷಧದ್ದಲ್ಲ, ಮಾತ್ರೆ ನುಂಗುತ್ತಿದ್ದೇನೆ ಎಂಬ ಅರಿವಿನದು.

ಹಾಗೆಂದು ಅಡ್ಡಪರಿಣಾಮವನ್ನು ರೋಗಿಯಿಂದ ಮುಚ್ಚಿಡಬೇಕೇ? ಕೂಡದು. ತಿಳಿದುಕೊಳ್ಳುವುದು ಅವರ ಹಕ್ಕು. ಆದರೆ ನೂರರಲ್ಲಿ ಐದು ಜನಕ್ಕೆ ಸುಸ್ತಾಗುತ್ತದೆ ಎಂದೂ ಹೇಳಬಹುದು, 95 ಮಂದಿಗೆ ಏನೂ ಆಗುವುದಿಲ್ಲ ಎಂದೂ ಹೇಳಬಹುದು. ಎರಡೂ ಒಂದೇ ನಿಜ. ಮೈ ಎರಡನ್ನೂ ಒಂದೇ ರೀತಿ ಕೇಳಿಸಿಕೊಳ್ಳುವುದಿಲ್ಲ.

ಲಂಡನ್ನಿನ ವೈದ್ಯರು ಏನನ್ನೂ ಮುಚ್ಚಿಡಲಿಲ್ಲ. ವರ್ಷ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಅವರವರ ಅಂಕಗಳನ್ನೇ ತೋರಿಸಿದರು: ಈ ತಿಂಗಳು ನೀವು ನುಂಗಿದ್ದು ಸ್ಟ್ಯಾಟಿನ್, ಈ ತಿಂಗಳದ್ದು ಹುಸಿ, ನಿಮ್ಮ ನೋವು ನೀವೇ ಬರೆದುಕೊಟ್ಟದ್ದು. ಆರು ತಿಂಗಳು ಬಿಟ್ಟು ವಿಚಾರಿಸಿದಾಗ, ಆ 60 ಮಂದಿಯಲ್ಲಿ 30 ಮಂದಿ ಬಿಟ್ಟಿದ್ದ ಮಾತ್ರೆಯನ್ನು ಮತ್ತೆ ನುಂಗತೊಡಗಿದ್ದರು.